ಡಿಜಿಟಲ್ ಕುಂಚದಲ್ಲಿ ಮೊದಲ ಮುಖ: ಸಾದುಗಪ್ಪು ಮೈಬಣ್ಣದ ಭಾವಚಿತ್ರ ಬರೆಯುವ ಕ್ರಮ

ಮುಖ ಬರೆಯಲು ಕುಳಿತ ಹೊಸಬರು ಸಾಮಾನ್ಯವಾಗಿ ಕಣ್ಣಿನಿಂದ ಆರಂಭಿಸುತ್ತಾರೆ. ಎದುರಿಗಿರುವವರನ್ನು ನೋಡುವಾಗ ನಮ್ಮ ದೃಷ್ಟಿ ಮೊದಲು ಹೋಗುವುದು ಕಣ್ಣಿಗೇ ಆದ್ದರಿಂದ ಅದು ಸಹಜ. ನನ್ನ ದೊಡ್ಡಮ್ಮನ ಮುಖವನ್ನು ಮೊದಲ ಸಲ ಕಂಪ್ಯೂಟರಿನಲ್ಲಿ ಬರೆಯಲು ಹೊರಟಾಗ ನಾನೂ ಚಿತ್ರವನ್ನು ಹಿಗ್ಗಿಸಿಕೊಂಡು, ಒಂದು ಕಣ್ಣಿನ ರೆಪ್ಪೆಗೂದಲುಗಳನ್ನು ಒಂದೊಂದಾಗಿ ಎಳೆಯುತ್ತ ಮೂರು ರಾತ್ರಿ ಕಳೆದೆ. ನಾಲ್ಕನೆಯ ರಾತ್ರಿ ಜೂಮ್ ಕಡಿಮೆ ಮಾಡಿ ಇಡೀ ಚಿತ್ರವನ್ನು ನೋಡಿದಾಗ, ಕಣ್ಣೇನೋ ಕಣ್ಣಿನಂತೆಯೇ ಇತ್ತು, ಆದರೆ ಅದು ಹಣೆ ಇರಬೇಕಾದ ಜಾಗದಲ್ಲಿತ್ತು. ಮೂಗಿಗೆ ಜಾಗ ಮಾಡಿಕೊಡಬೇಕಾದರೆ ಆ ಕಣ್ಣನ್ನು ಅಳಿಸುವುದರ ಹೊರತು ಬೇರೆ ದಾರಿ ಇರಲಿಲ್ಲ. ಮುಖವು ಮೊದಲಿಗೆ ಒಂದು ಗಟ್ಟಿಯಾದ ವಸ್ತು ಎಂಬುದನ್ನೂ, ಕಿಟಕಿಯ ಬಳಿ ಇಟ್ಟ ತೆಂಗಿನಕಾಯಿಯ ಮೇಲೆ ಬೆಳಕು ಬೀಳುವ ಹಾಗೆಯೇ ಅದರ ಮೇಲೂ ಬೀಳುತ್ತದೆ ಎಂಬುದನ್ನೂ ನಾನು ಅರಿತದ್ದು ಆ ಕಣ್ಣನ್ನು ಅಳಿಸಿದ ಮೇಲೆ. ಮುಂದೆ ಹೇಳುವ ಕ್ರಮವೆಲ್ಲ ಆ ಒಂದು ಅರಿವಿನಿಂದಲೇ ಹುಟ್ಟಿದ್ದು.

ಕಾಗದದ ಮೇಲೆ ಪೆನ್ಸಿಲಿನಲ್ಲಿ ಅಷ್ಟಿಷ್ಟು ಬರೆದು ಅಭ್ಯಾಸವಿದ್ದು, ಡಿಜಿಟಲ್ ಚಿತ್ರಕ್ಕೆ ಹೊಸಬರಾದವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಕಿಟಕಿಯ ಪಕ್ಕ ಕುಳಿತ, 60 ದಾಟಿದ, ಸಾದುಗಪ್ಪು ಬಣ್ಣದ, ಬಲಮೂಗಿಗೆ ಮೂಗುಬೊಟ್ಟು ಇಟ್ಟ ಒಬ್ಬ ಹೆಂಗಸಿನ ಮುಖವನ್ನು ಮೊದಲಿನಿಂದ ಕೊನೆಯವರೆಗೆ ಬರೆಯುವುದು ಹೇಗೆಂಬುದಷ್ಟೇ ಇಲ್ಲಿಯ ವಿಷಯ. ಇಂತಹ ಮುಖವನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಅಂತರಜಾಲದಲ್ಲಿ ಸುಲಭವಾಗಿ ಸಿಗುವ ಪಾಠಗಳಲ್ಲಿ ಬಹಳಷ್ಟು ಬಿಳಿಯರ ಮೈಬಣ್ಣವನ್ನೇ ಆಧಾರವಾಗಿ ಇಟ್ಟುಕೊಂಡಿರುತ್ತವೆ. ಅಲ್ಲಿ ಹೇಳಿದ ಬಣ್ಣಗಳಿಗೆ ಸ್ವಲ್ಪ ಕಪ್ಪು ಬೆರೆಸಿ ಬಳಸಿದರೆ ನಮ್ಮ ಮನೆಯವರ ಮುಖಗಳು ಬೂದಿ ಬಳಿದುಕೊಂಡಂತೆ ಕಾಣುತ್ತವೆ.

ಉಪಕರಣಗಳು

ದುಬಾರಿ ಸಲಕರಣೆ ಬೇಕಾಗಿಲ್ಲ. ಮನೆಯಲ್ಲಿ ಕಂಪ್ಯೂಟರ್ ಇದ್ದರೆ ಪರದೆಯಿಲ್ಲದ ಸಾಧಾರಣ ಪೆನ್ ಟ್ಯಾಬ್ಲೆಟ್ ಒಂದು ಸಾಕು. ವಾಕಾಮ್, ಹುಯಿಯಾನ್, ಎಕ್ಸ್‌ಪಿ-ಪೆನ್ ಕಂಪನಿಗಳ ಆರಂಭಿಕ ಮಾದರಿಗಳು ಸುಮಾರು 3,000ದಿಂದ 5,000 ರೂಪಾಯಿಯೊಳಗೆ ಸಿಗುತ್ತವೆ. ಪೆಟ್ಟಿಗೆಯ ಮೇಲೆ ಒತ್ತಡದ ಹಂತಗಳು (ಪೆನ್ನನ್ನು ಎಷ್ಟು ಒತ್ತಿದಿರಿ ಎಂಬುದನ್ನು ಟ್ಯಾಬ್ಲೆಟ್ ಗುರುತಿಸುವ ಮೆಟ್ಟಿಲುಗಳು) 4,096 ಎಂದೋ 8,192 ಎಂದೋ ಬರೆದಿರುತ್ತದೆ. ಹೊಸಬರ ಕೈಗೆ ಇವೆರಡರ ನಡುವಿನ ವ್ಯತ್ಯಾಸ ತಿಳಿಯುವುದಿಲ್ಲವಾದ್ದರಿಂದ ಆ ಸಂಖ್ಯೆಗಾಗಿ ಹೆಚ್ಚು ಹಣ ಕೊಡಬೇಡಿ. ತಂತ್ರಾಂಶಕ್ಕೆ ಕ್ರಿಟಾ ಆಗಬಹುದು. ಅದು ಉಚಿತ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲಿಯೂ ನಡೆಯುತ್ತದೆ. ಐಪ್ಯಾಡ್ ಇರುವವರು ಪ್ರೊಕ್ರಿಯೇಟ್ ಬಳಸುತ್ತಾರೆ, ಫೋನಿನಲ್ಲಿಯೇ ಬರೆಯುವವರು ಐಬಿಸ್ ಪೇಂಟ್ ಬಳಸುತ್ತಾರೆ. ಯಾವುದನ್ನು ಹಿಡಿದರೂ ಕೆಲವು ತಿಂಗಳು ಅದನ್ನು ಬದಲಿಸದಿರುವುದು ಒಳ್ಳೆಯದು.

ಟ್ಯಾಬ್ಲೆಟ್ ಜೋಡಿಸಿದ ದಿನವೇ ಒಂದು ಪರೀಕ್ಷೆ ಮಾಡಬೇಕು. ಟ್ಯಾಬ್ಲೆಟ್ಟಿನ ಮೇಲೆ ಒಂದು ನಾಣ್ಯವನ್ನಿಟ್ಟು ಅದರ ಸುತ್ತ ಪೆನ್ನು ಆಡಿಸಿ, ಪರದೆಯಲ್ಲಿ ಮೂಡಿದ್ದು ವೃತ್ತವೇ ಎಂದು ನೋಡಿ. ಅದು ಅಡ್ಡಲಾಗಿ ಹಿಗ್ಗಿದ್ದರೆ ಟ್ಯಾಬ್ಲೆಟ್ಟಿನ ಉದ್ದ-ಅಗಲದ ಅನುಪಾತಕ್ಕೂ ಪರದೆಯ ಅನುಪಾತಕ್ಕೂ ಹೊಂದಾಣಿಕೆಯಿಲ್ಲವೆಂದು ಅರ್ಥ. ಟ್ಯಾಬ್ಲೆಟ್ಟಿನ ಚಾಲಕ ತಂತ್ರಾಂಶದ (ಡ್ರೈವರ್) ಸೆಟ್ಟಿಂಗ್ಸ್‌ನಲ್ಲಿ ಟ್ಯಾಬ್ಲೆಟ್ಟಿನ ಕೆಲಸದ ಜಾಗವನ್ನು ಪರದೆಯ ಅನುಪಾತಕ್ಕೆ ಸರಿಪಡಿಸಬೇಕು. ಇದನ್ನು ಮಾಡದೆ ಮುಂದುವರಿದರೆ ನಿಮ್ಮ ಕೈ ಸರಿಯಾಗಿ ಚಲಿಸಿದರೂ ಮುಖಗಳೆಲ್ಲ ಅಗಲವಾಗುತ್ತಲೇ ಇರುತ್ತವೆ, ಮತ್ತು ತಪ್ಪು ಎಲ್ಲಿದೆಯೆಂದು ತಿಳಿಯದೆ ನಿಮ್ಮ ಕೈಯನ್ನೇ ದೂರುತ್ತೀರಿ. ಹಾಗೆಯೇ, ಸಂಜೆಯಾದ ಮೇಲೆ ಪರದೆಯನ್ನು ಹಳದಿಗೆ ತಿರುಗಿಸುವ ನೈಟ್ ಲೈಟ್ ಸೌಲಭ್ಯವನ್ನು ಬಣ್ಣ ಹಾಕುವ ಹೊತ್ತಿನಲ್ಲಿ ನಿಲ್ಲಿಸಿಡಬೇಕು. ಕೈ ಒಂದು ಕಡೆ, ಕಣ್ಣು ಇನ್ನೊಂದು ಕಡೆ ಇರುವ ಈ ಪದ್ಧತಿಗೆ ಮೈ ಒಗ್ಗಲು ಎರಡು ಮೂರು ವಾರ ಬೇಕಾಗಬಹುದು. ಆ ದಿನಗಳಲ್ಲಿ ಮುಖ ಬರೆಯುವ ಬದಲು ಲೋಟ, ಈರುಳ್ಳಿ, ತೆಂಗಿನಕಾಯಿಗಳನ್ನು ಬರೆಯುತ್ತಿದ್ದರೆ ಮನಸ್ಸು ಮುರಿಯುವುದಿಲ್ಲ.

ಕ್ಯಾನ್ವಾಸ್ ಅಳತೆ 2,400 × 3,000 ಪಿಕ್ಸೆಲ್ ಇರಲಿ. ಇಂಚಿಗೆ 300 ಪಿಕ್ಸೆಲ್ ಲೆಕ್ಕದಲ್ಲಿ ಮುದ್ರಿಸಿದರೆ ಅದು 8 × 10 ಇಂಚಿನ ಚಿತ್ರವಾಗುತ್ತದೆ, ಗೋಡೆಗೆ ಹಾಕಲು ಅಷ್ಟು ಸಾಕು. ಬ್ರಷ್‌ಗಳು ಮೂರೇ: ಅಂಚು ಗಟ್ಟಿಯಾಗಿರುವ ದುಂಡು ಬ್ರಷ್, ಸ್ವಲ್ಪ ಒರಟಾದ ಚಪ್ಪಟೆ ಬ್ರಷ್, ಮತ್ತು ಹೊಗೆಯಂತೆ ಹರಡುವ ಮೃದುವಾದ ಏರ್‌ಬ್ರಷ್. ಈ ಮೂರನೆಯದನ್ನು ಕೊನೆಯವರೆಗೂ ಮುಟ್ಟಬಾರದು.

ನೋಡಿ ಬರೆಯಲು ಫೋಟೋ

ಮೊದಲ ಭಾವಚಿತ್ರ ಕೆಡುವುದು ಅನೇಕ ಸಲ ಕೈಯಿಂದಲ್ಲ, ಫೋಟೋದಿಂದ. ಫೋನಿನ ಮುಂಭಾಗದ ಕ್ಯಾಮೆರಾದಲ್ಲಿ ಕೈ ಚಾಚಿ ತೆಗೆದ ಚಿತ್ರದಲ್ಲಿ ಮೂಗು ಕ್ಯಾಮೆರಾಗೆ ಹತ್ತಿರವಾಗಿ ದೊಡ್ಡದಾಗಿಯೂ, ಕಿವಿಗಳು ಹಿಂದೆ ಸರಿದು ಸಣ್ಣದಾಗಿಯೂ ಕಾಣುತ್ತವೆ. ಮುಖವನ್ನು ನುಣುಪು ಮಾಡುವ ಫಿಲ್ಟರುಗಳು ಚಿತ್ರಕಾರನಿಗೆ ಬೇಕಾದ ಏರುತಗ್ಗುಗಳನ್ನೇ ಅಳಿಸಿಹಾಕುತ್ತವೆ. ಫ್ಲಾಷ್ ಹಾಕಿದರೆ ಬೆಳಕು ನೇರ ಎದುರಿನಿಂದ ಬಂದು ನೆರಳೇ ಇಲ್ಲದಂತಾಗುತ್ತದೆ.

ಬರೆಯಬೇಕಾದವರನ್ನು ಕಿಟಕಿಯ ಪಕ್ಕದಲ್ಲಿ, ಬೆಳಕು ಅವರ ಎಡಗೆನ್ನೆಯ ಮೇಲೆ ಓರೆಯಾಗಿ ಬೀಳುವಂತೆ ಕೂರಿಸಿ. ಕೋಣೆಯ ಟ್ಯೂಬ್‌ಲೈಟ್ ಆರಿಸಿ. ಎರಡು ಕಡೆಯ ಬೆಳಕು ಬೆರೆತರೆ ನೆರಳು ಎಲ್ಲಿ ಆರಂಭವಾಗುತ್ತದೆ ಎಂಬುದೇ ತಿಳಿಯುವುದಿಲ್ಲ. ಐದಾರು ಅಡಿ ದೂರ ನಿಂತು, ಹಿಂಭಾಗದ ಕ್ಯಾಮೆರಾದಲ್ಲಿ ಸ್ವಲ್ಪ ಜೂಮ್ ಮಾಡಿ ತೆಗೆಯಿರಿ. ನಗಲು ಹೇಳಬೇಡಿ. ಹಲ್ಲು ಕಾಣುವ ನಗುವನ್ನು ಬರೆಯುವುದು ಕಷ್ಟದ ಕೆಲಸ, ಅದನ್ನು ಇಪ್ಪತ್ತನೆಯ ಮುಖಕ್ಕೆ ಇಟ್ಟುಕೊಳ್ಳಬಹುದು. ಹೀಗೆ ತೆಗೆದ ಫೋಟೋವನ್ನು ಕ್ಯಾನ್ವಾಸಿನ ಪಕ್ಕದಲ್ಲಿ ಇಟ್ಟುಕೊಳ್ಳಬೇಕೇ ಹೊರತು ಅದರ ಅಡಿಯಲ್ಲಿಟ್ಟು ಗೆರೆ ತೆಗೆಯಬಾರದು ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಗೆರೆ ತೆಗೆದರೆ ಹೊರರೇಖೆ ಸಿಗುತ್ತದೆ, ಆದರೆ ಕೆನ್ನೆಮೂಳೆ ಎಲ್ಲಿ ತಿರುಗುತ್ತದೆ ಎಂದು ಅಳೆದು ನೋಡುವ ಅವಕಾಶವೇ ಕಣ್ಣಿಗೆ ತಪ್ಪಿಹೋಗುತ್ತದೆ.

ಅಳತೆ

ಮೊಟ್ಟೆಯಾಕಾರವನ್ನು ಎಳೆದು, ನೆತ್ತಿಯಿಂದ ಗದ್ದದವರೆಗಿನ ಎತ್ತರದ ಸರಿ ಅರ್ಧಕ್ಕೆ ಒಂದು ಅಡ್ಡಗೆರೆ ಹಾಕಿ. ಕಣ್ಣು ಇರಬೇಕಾದದ್ದು ಅಲ್ಲಿ. ಕೂದಲಿನ ಅಂಚಿನಿಂದ ಹುಬ್ಬು, ಹುಬ್ಬಿನಿಂದ ಮೂಗಿನ ತಳ, ಅಲ್ಲಿಂದ ಗದ್ದ, ಈ ಮೂರು ಅಂತರಗಳು ಹೆಚ್ಚುಕಡಿಮೆ ಸಮ. ಕಣ್ಣಿನ ಮಟ್ಟದಲ್ಲಿ ತಲೆಯ ಅಗಲ ಸುಮಾರು ಐದು ಕಣ್ಣುಗಳಷ್ಟು. ಎರಡು ಕಣ್ಣುಗಳ ನಡುವೆ ಒಂದು ಕಣ್ಣಿನಷ್ಟು ಜಾಗ. ತುಟಿಗಳು ಕೂಡುವ ಗೆರೆ ಮೂಗಿನ ತಳದಿಂದ ಗದ್ದದವರೆಗಿನ ಅಂತರದ ಮೂರನೆಯ ಒಂದು ಭಾಗದಲ್ಲಿ ಬರುತ್ತದೆ. ಕಿವಿ ಹುಬ್ಬಿನ ಮಟ್ಟದಿಂದ ಮೂಗಿನ ತಳದ ಮಟ್ಟದವರೆಗೆ. ಮುಖ ಪಕ್ಕಕ್ಕೆ ತಿರುಗಿದ್ದರೆ, ಅಮೆರಿಕದ ಚಿತ್ರಕಾರ ಆಂಡ್ರ್ಯೂ ಲೂಮಿಸ್ (1892-1959) ಕಲಿಸಿದ ವಿಧಾನ ಬಹಳ ಉಪಯುಕ್ತ: ಮೊದಲು ಒಂದು ಚೆಂಡು, ಅದರ ಎರಡು ಪಕ್ಕಗಳನ್ನು ಕತ್ತಿಯಿಂದ ಸವರಿದಂತೆ ಚಪ್ಪಟೆ ಮಾಡಿ, ಹುಬ್ಬಿನ ಗೆರೆಯನ್ನು ಚೆಂಡಿನ ಸುತ್ತ ಬಳಸಿ, ಕೊನೆಗೆ ದವಡೆಯನ್ನು ಕೆಳಗೆ ತೂಗುಹಾಕುವುದು.

ಈ ಅಳತೆಗಳು ಯಾವ ಒಬ್ಬ ವ್ಯಕ್ತಿಯವೂ ಅಲ್ಲ, ಇದನ್ನು ಮರೆಯಬಾರದು. ನನ್ನ ದೊಡ್ಡಮ್ಮನ ಕೂದಲಿನ ಅಂಚು ವಯಸ್ಸಿನಿಂದಲೂ ಬಿಗಿಯಾಗಿ ಹಿಂದಕ್ಕೆಳೆದು ಕಟ್ಟಿದ ತುರುಬಿನಿಂದಲೂ ಹಿಂದೆ ಸರಿದಿದೆ, ಆದ್ದರಿಂದ ಹಣೆಯ ಭಾಗ ಉಳಿದೆರಡಕ್ಕಿಂತ ದೊಡ್ಡದು. ಮೇಲ್ದುಟಿ ತೆಳುವಾಗಿದೆ. ದಶಕಗಳ ಕಾಲ ಭಾರದ ಓಲೆ ಹಾಕಿದ್ದರಿಂದ ಕಿವಿಯ ಹಾಲೆ ಇಳಿದು ಮೂಗಿನ ತಳದ ಮಟ್ಟವನ್ನು ದಾಟಿದೆ. ಸಾಮಾನ್ಯ ಅಳತೆಯನ್ನು ಮೊದಲು ಗುರುತು ಹಾಕಿ, ಆಮೇಲೆ ಫೋಟೋದಲ್ಲಿರುವ ಮುಖ ಎಲ್ಲೆಲ್ಲಿ ಅದರಿಂದ ಬೇರೆಯಾಗುತ್ತದೆ ಎಂದು ಹುಡುಕಿದರೆ ಇಂತಹ ಮೂರು ನಾಲ್ಕು ವ್ಯತ್ಯಾಸಗಳು ಸಿಗುತ್ತವೆ. ಚಿತ್ರ ನೋಡಿದವರು 'ಇವರು ಇಂಥವರೇ' ಎಂದು ಗುರುತಿಸುವುದು ಆ ವ್ಯತ್ಯಾಸಗಳಿಂದ.

ನೆರಳಿನ ನಕ್ಷೆ

ಈಗ ಬಣ್ಣವನ್ನು ಪೂರ್ತಿ ಮರೆತು, ಕ್ಯಾನ್ವಾಸನ್ನು ನಡುವಿನ ಬೂದು ಬಣ್ಣದಿಂದ ತುಂಬಿ. ದುಂಡು ಬ್ರಷ್ಷನ್ನು ದೊಡ್ಡದು ಮಾಡಿಕೊಂಡು, ಒಂದು ಗಾಢ ಬೂದು, ಒಂದು ತಿಳಿ ಬೂದು, ಇವೆರಡರಿಂದಲೇ ಇಡೀ ಮುಖವನ್ನು ಎರಡು ಭಾಗ ಮಾಡಬೇಕು: ಕಿಟಕಿಯ ಬೆಳಕು ನೇರವಾಗಿ ಮುಟ್ಟಿದ ಭಾಗ, ಮುಟ್ಟದ ಭಾಗ. ಫೋಟೋವನ್ನು ಕಣ್ಣು ಕಿರಿದು ಮಾಡಿ ನೋಡಿದರೆ ಸಣ್ಣ ವಿವರಗಳು ಕರಗಿ ಈ ಎರಡು ಭಾಗಗಳು ಎದ್ದು ಕಾಣುತ್ತವೆ. ಆಗ ಒಂದು ಆಶ್ಚರ್ಯ ಕಾದಿರುತ್ತದೆ. ಕಣ್ಣಿನ ಗುಳಿಯ ನೆರಳು, ಮೂಗಿನ ಪಕ್ಕದ ನೆರಳು, ಕೆನ್ನೆಯದು, ಕೆಳದುಟಿಯ ಅಡಿಯದು, ಕತ್ತಿನದು, ಇವು ಬಿಡಿ ಬಿಡಿ ಚುಕ್ಕೆಗಳಾಗಿರದೆ, ನಕ್ಷೆಯಲ್ಲಿ ಕಾಣುವ ಕರಾವಳಿಯಂತೆ ಒಂದಕ್ಕೊಂದು ಕೂಡಿಕೊಂಡು ಒಂದೇ ದೊಡ್ಡ ಆಕಾರವಾಗಿರುತ್ತವೆ. ಹೊಸಬರ ಚಿತ್ರದಲ್ಲಿ ಮುಖ ಚಪ್ಪಟೆಯಾಗಿ ಕಾಣುವುದಕ್ಕೆ ಮುಖ್ಯ ಕಾರಣ, ಈ ಕರಾವಳಿಯನ್ನು ತುಂಡು ತುಂಡು ಮಾಡಿಬಿಡುವುದು.

ಎರಡೇ ಬೂದುಗಳಲ್ಲಿರುವ ಈ ಚಿತ್ರವನ್ನು ಬೆರಳುಗುರಿನಷ್ಟು ಸಣ್ಣದು ಮಾಡಿ ನೋಡಿ. ಕ್ರಿಟಾದಲ್ಲಿ ಓವರ್‌ವ್ಯೂ ಎಂಬ ಸಣ್ಣ ಕಿಟಕಿ ಇದಕ್ಕೆಂದೇ ಇದೆ. ಅಷ್ಟು ಸಣ್ಣದಾಗಿಯೂ ವ್ಯಕ್ತಿಯ ಗುರುತು ಸಿಗುವಂತಿದ್ದರೆ ಮುಂದೆ ಹೋಗಬಹುದು. ಸಿಗದಿದ್ದರೆ ಮುಂದಿನ ಯಾವ ಹಂತವೂ ಅದನ್ನು ಸರಿಪಡಿಸುವುದಿಲ್ಲ, ಆದ್ದರಿಂದ ಇಲ್ಲಿಯೇ ಎಷ್ಟು ಹೊತ್ತು ಬೇಕಾದರೂ ಕಳೆಯಿರಿ. ಒಂದು ಗಂಟೆಯ ಕೆಲಸದಲ್ಲಿ ನಾನು ಇಪ್ಪತ್ತೈದು ನಿಮಿಷವನ್ನು ಇದಕ್ಕೇ ಕೊಡುತ್ತೇನೆ.

ಆಮೇಲೆ ಎರಡೂ ಭಾಗಗಳೊಳಗೆ ಒಂದೊಂದು ಹೆಚ್ಚಿನ ಮೆಟ್ಟಿಲನ್ನು ಸೇರಿಸಿ. ಹಣೆ, ಕೆನ್ನೆಮೂಳೆಯ ಮೇಲ್ಭಾಗ, ಮೂಗಿನ ಬೆನ್ನು ಇನ್ನೂ ತಿಳಿಯಾಗುತ್ತವೆ. ಉಟ್ಟ ಸೀರೆ ತಿಳಿಬಣ್ಣದ್ದಾದರೆ ಅದರ ಮೇಲೆ ಬಿದ್ದ ಬೆಳಕು ಪುಟಿದು ದವಡೆಯ ಅಡಿಯ ನೆರಳನ್ನು ಸ್ವಲ್ಪ ತಿಳಿ ಮಾಡುತ್ತದೆ. ಈ ಪುಟಿದ ಬೆಳಕು ನೋಡಲು ಬಹಳ ಚೆನ್ನ, ಅದಕ್ಕಾಗಿಯೇ ಎಲ್ಲರೂ ಅದನ್ನು ಅತಿಯಾಗಿ ಬರೆಯುತ್ತಾರೆ. ನೆರಳಿನೊಳಗಿನ ಅತಿ ತಿಳಿಯಾದ ಜಾಗವೂ ಬೆಳಕಿನೊಳಗಿನ ಅತಿ ಗಾಢವಾದ ಜಾಗಕ್ಕಿಂತ ಗಾಢವಾಗಿಯೇ ಇರಬೇಕು ಎಂಬ ನಿಯಮವನ್ನು ಪಾಲಿಸಿದರೆ ಆ ತಪ್ಪು ಆಗುವುದಿಲ್ಲ.

ನೆರಳು ಎಷ್ಟು ಕೆಲಸ ಮಾಡಬಲ್ಲುದೆಂದು ನೋಡಬೇಕಾದರೆ ಮೈಸೂರಿನ ಜಗನ್ಮೋಹನ ಅರಮನೆಯ ಕಲಾ ಗ್ಯಾಲರಿಗೆ ಹೋಗಬೇಕು. ದೀಪ ಹಿಡಿದು ನಿಂತ ಹೆಂಗಸಿನ ಚಿತ್ರ ಅಲ್ಲಿದೆ. ರವಿವರ್ಮನದೆಂದು ಅನೇಕರು ತಿಳಿದಿರುವ ಆ ಚಿತ್ರವನ್ನು ಬರೆದವರು ಎಸ್. ಎಲ್. ಹಲ್ದಣಕರ್, ಮತ್ತು ಅದಕ್ಕೆ ರೂಪದರ್ಶಿಯಾಗಿ ನಿಂತವರು ಅವರ ಮಗಳು. ಅದು ಜಲವರ್ಣ, ಅಂದರೆ ಕಾಗದದ ಬಿಳುಪಿಗಿಂತ ಹೆಚ್ಚಿನ ಬೆಳಕು ಚಿತ್ರಕಾರರ ಕೈಯಲ್ಲಿರಲಿಲ್ಲ. ಆದರೂ ಆ ಮುಖ ಉರಿಯುವ ದೀಪದ ಮುಂದಿರುವಂತೆ ಬೆಳಗುತ್ತದೆ, ಏಕೆಂದರೆ ಅದರ ಸುತ್ತಲಿನದೆಲ್ಲವನ್ನೂ ಅವರು ಕತ್ತಲಿನೊಳಗೆ ಇಳಿಸಿದ್ದಾರೆ. ಜ್ವಾಲೆಗೆ ಅಡ್ಡ ಹಿಡಿದ ಅಂಗೈಯ ಬೆರಳುಗಳನ್ನು ಗಮನಿಸಿ: ಬೆಳಕು ಚರ್ಮದೊಳಗೆ ಹಾದು ಅವು ಕೆಂಪೇರಿವೆ. ಕಿಟಕಿಯ ಬೆಳಕಿನಲ್ಲಿ ಕುಳಿತವರ ಕಿವಿಯ ಅಂಚಿನಲ್ಲಿಯೂ ಇದೇ ಕೆಂಪು ಸಣ್ಣ ಪ್ರಮಾಣದಲ್ಲಿ ಕಾಣುತ್ತದೆ.

ಮೈಬಣ್ಣ

ಕನ್ನಡದಲ್ಲಿ ಮೈಬಣ್ಣಕ್ಕೆ ಇರುವ ಪದಗಳನ್ನು ನೆನಪಿಸಿಕೊಳ್ಳಿ: ಗೋಧಿಬಣ್ಣ, ಎಣ್ಣೆಗೆಂಪು, ಎಣ್ಣೆಗಪ್ಪು, ಸಾದುಗಪ್ಪು. ಈ ಪದಗಳನ್ನು ಕಟ್ಟಿದವರು ಚಿತ್ರಕಾರರಿಗೆ ಬೇಕಾದ ಎರಡು ಸಂಗತಿಗಳನ್ನು ಆಗಲೇ ಗಮನಿಸಿದ್ದರು. ಒಂದು, ಕಂದು ಮೈಬಣ್ಣದ ಒಳಗೆ ಕೆಂಪು ಇದೆ. ಎರಡು, ಅದರ ಮೇಲೆ ಎಣ್ಣೆಯಂತಹ ಹೊಳಪಿದೆ. ಕಪ್ಪು ಹೆಚ್ಚಿದಷ್ಟೂ ಚರ್ಮದ ಒಳಗಿನಿಂದ ಹಿಂತಿರುಗುವ ಬೆಳಕು ಕಡಿಮೆಯಾಗುತ್ತದೆ, ಆದರೆ ಮೇಲ್ಮೈಯಿಂದ ಪುಟಿಯುವ ಹೊಳಪು ಅಷ್ಟೇ ಇರುತ್ತದೆ. ಆದ್ದರಿಂದ ಬಿಳಿಯ ಮುಖಕ್ಕಿಂತ ಕಂದು ಮುಖದಲ್ಲಿ ಹಣೆಯ, ಮೂಗಿನ ತುದಿಯ, ಕೆನ್ನೆಮೂಳೆಯ ಹೊಳಪುಗಳು ಹೆಚ್ಚು ಸ್ಪಷ್ಟವಾಗಿ ಎದ್ದು ಕಾಣುತ್ತವೆ.

ಬಣ್ಣ ಆರಿಸುವ ಚಕ್ರದಲ್ಲಿ ಕಂದು ಎಂಬ ಜಾಗವೇ ಇಲ್ಲವೆಂದು ಹೊಸಬರು ತಬ್ಬಿಬ್ಬಾಗುತ್ತಾರೆ. ಕಂದು ಎಂದರೆ ಗಾಢವಾದ ಕಿತ್ತಳೆ. ಕಿತ್ತಳೆಯ ಜಾಗಕ್ಕೆ ಹೋಗಿ, ಅದರ ಪ್ರಕಾಶವನ್ನು ಇಳಿಸಿ, ತೀವ್ರತೆಯನ್ನು ಸ್ವಲ್ಪ ತಗ್ಗಿಸಿದರೆ ಕಂದು ಸಿಗುತ್ತದೆ. ಹ್ಯೂ (ಚಕ್ರದಲ್ಲಿ ಬಣ್ಣದ ಜಾಗ), ಸ್ಯಾಚುರೇಶನ್ (ತೀವ್ರತೆ), ವ್ಯಾಲ್ಯೂ (ಪ್ರಕಾಶ) ಎಂಬ ಮೂರು ಪಟ್ಟಿಗಳಲ್ಲಿ ಆರಂಭಕ್ಕೆ ಹೀಗೆ ಇಟ್ಟುಕೊಳ್ಳಬಹುದು: ಸಾದುಗಪ್ಪು ಮುಖದ ಬೆಳಕಿನ ಭಾಗಕ್ಕೆ 22, 50, 65, ನೆರಳಿನ ಭಾಗಕ್ಕೆ 14, 60, 32. ನೆರಳಿಗೆ ಹೋಗುವಾಗ ವ್ಯಾಲ್ಯೂ ಮಾತ್ರ ಇಳಿಯದೆ, ಹ್ಯೂ ಕೆಂಪಿನ ಕಡೆಗೆ ಸರಿದಿರುವುದನ್ನೂ ತೀವ್ರತೆ ಏರಿರುವುದನ್ನೂ ಗಮನಿಸಿ. ಬೂದಿ ಬಳಿದಂತೆ ಕಾಣುವ ದೋಷ ಬರುವುದು ಇಲ್ಲಿಯೇ. ನೆರಳಿಗೆಂದು ಅದೇ ಬಣ್ಣಕ್ಕೆ ಕಪ್ಪನ್ನೂ, ಬೆಳಕಿಗೆಂದು ಬಿಳಿಯನ್ನೂ ಬೆರೆಸಿದರೆ ಚರ್ಮದ ಜೀವ ಹೋಗುತ್ತದೆ. ಬೆಳಕು ಮುಗಿದು ನೆರಳು ಆರಂಭವಾಗುವ ಗಡಿಯಲ್ಲಿ ಇನ್ನೊಂದು ಬಣ್ಣವನ್ನು ತೆಳುವಾದ ಪಟ್ಟಿಯಂತೆ ಇಡಬೇಕು: 16, 65, 48. ಕೆಂಪು ಮಣ್ಣಿನ ಹಾಗಿರುವ ಈ ಪಟ್ಟಿ ಸಾಮಾನ್ಯವಾಗಿ ಕಣ್ಣಿಗೆ ಬೀಳುವುದಿಲ್ಲ, ಆದರೆ ಅದನ್ನು ಹಾಕಿದ ಕೂಡಲೇ ಮುಖದೊಳಗೆ ರಕ್ತ ಹರಿದಂತಾಗುತ್ತದೆ. ಆಕಾಶದ ಬೆಳಕು ಬರುವ ಕಿಟಕಿಯಾದರೆ ಹೊಳಪಿನ ಬಣ್ಣ ತಣ್ಣಗಿರುತ್ತದೆ. ಅದಕ್ಕೆ ತೀವ್ರತೆ ಕೇವಲ 15 ಅಥವಾ 18ರಷ್ಟಿರುವ, ವ್ಯಾಲ್ಯೂ 85ರಷ್ಟಿರುವ ಬಣ್ಣ ಸಾಕು, ಅಪ್ಪಟ ಬಿಳಿ ಬೇಡ. ಈ ಸಂಖ್ಯೆಗಳು ಒಂದು ಮುಖದ್ದು, ಒಂದು ಮಧ್ಯಾಹ್ನದ್ದು. ನಿಮ್ಮ ಫೋಟೋಕ್ಕೆ ತಕ್ಕಂತೆ ಅವು ಆಚೀಚೆ ಸರಿಯಲೇಬೇಕು.

ಫೋಟೋದ ಮೇಲೆಯೇ ಕಲರ್ ಪಿಕರ್ ಇಟ್ಟು ಬಣ್ಣವನ್ನು ಎತ್ತಿಕೊಳ್ಳುವುದು ಸುಲಭವೆನಿಸುತ್ತದೆ. ಆದರೆ ಅದು ಎತ್ತುವುದು ಒಂದೇ ಪಿಕ್ಸೆಲನ್ನು, ಮತ್ತು ಫೋನಿನ ಫೋಟೋದಲ್ಲಿ ಅಕ್ಕಪಕ್ಕದ ಪಿಕ್ಸೆಲುಗಳೇ ಬೇರೆ ಬೇರೆ ಬಣ್ಣದವಾಗಿರುತ್ತವೆ. ಮೊದಲು ನೀವೇ ಊಹಿಸಿ ಒಂದು ಬಣ್ಣ ಮಾಡಿ, ಆಮೇಲೆ ಪಿಕರಿನಿಂದ ಹೋಲಿಸಿ ನೋಡಿ. ಊಹೆ ಎಷ್ಟು ತಪ್ಪಿತು, ಯಾವ ದಿಕ್ಕಿಗೆ ತಪ್ಪಿತು ಎಂಬುದನ್ನು ಹತ್ತು ಹದಿನೈದು ಸಲ ಗಮನಿಸಿದರೆ ಕಣ್ಣು ತಾನಾಗಿಯೇ ತಿದ್ದಿಕೊಳ್ಳುತ್ತದೆ.

ಇಡೀ ಮುಖ ಒಂದೇ ಬಣ್ಣವಲ್ಲ. ಮೂಗು, ಕೆನ್ನೆ, ಕಿವಿಗಳು ಉಳಿದ ಭಾಗಕ್ಕಿಂತ ಕೆಂಪು. ಹಣೆಯ ಎರಡು ಬದಿಗಳು ನಮ್ಮಲ್ಲಿ ಅನೇಕರಿಗೆ ಕೆನ್ನೆಗಿಂತ ಒಂದು ಮೆಟ್ಟಿಲು ಕಪ್ಪಾಗಿರುತ್ತವೆ. ಕಣ್ಣಿನ ಸುತ್ತ ನೇರಳೆ ಬೆರೆತ ಕಂದು. ತುಟಿಗಳಿಗೆ ಗುಲಾಬಿ ಬಣ್ಣ ಬಳಿಯುವ ಅಭ್ಯಾಸವನ್ನು ಬಿಡಬೇಕು. ವಯಸ್ಸಾದ ಸಾದುಗಪ್ಪು ಮುಖದಲ್ಲಿ ಮೇಲ್ದುಟಿ ನೇರಳೆಗಂದಾಗಿಯೂ ಕೆಳದುಟಿ ಅದಕ್ಕಿಂತ ಸ್ವಲ್ಪ ಕೆಂಪಾಗಿಯೂ ಇರುತ್ತದೆ. ದೊಡ್ಡಮ್ಮ ಅರಿಸಿನ ಹಚ್ಚಿಕೊಂಡ ಶುಕ್ರವಾರದಂದು ಫೋಟೋ ತೆಗೆದಿದ್ದರಿಂದ ಅವರ ಕೆನ್ನೆಯ ಹ್ಯೂ 30ರ ಸಮೀಪಕ್ಕೆ ಸರಿದಿತ್ತು, ಆದರೆ ಆ ಹಳದಿ ಕಂಡದ್ದು ಬೆಳಕಿನ ಭಾಗದಲ್ಲಿ ಮಾತ್ರ. ಇನ್ನು ಕುಂಕುಮ. ಅದನ್ನು ಕೆಂಪು ವೃತ್ತವಾಗಿ ಬರೆದು ಮುಗಿಸಿದರೆ ಅಂಟಿಸಿದ ಸ್ಟಿಕರಿನಂತೆ ಕಾಣುತ್ತದೆ. ಹತ್ತಿರದಿಂದ ನೋಡಿದರೆ ಕುಂಕುಮ ಒಣಪುಡಿ. ಸುತ್ತಲಿನ ಹಣೆ ಹೊಳೆಯುತ್ತಿದ್ದರೂ ಅದಕ್ಕೆ ಹೊಳಪಿಲ್ಲ. ಹಣೆಯ ಉಬ್ಬಿನೊಂದಿಗೆ ಅದೂ ಬಾಗುತ್ತದೆ, ಆದ್ದರಿಂದ ಕಿಟಕಿಯ ಕಡೆಯ ಅರ್ಧ ತಿಳಿಗೆಂಪು, ಆಚೆಯ ಅರ್ಧ ಗಾಢ. ಅಂಚು ಒಂದು ಕಡೆ ಖಚಿತ, ಇನ್ನೊಂದು ಕಡೆ ಒಂದೆರಡು ಕಣಗಳು ಉದುರಿ ಮಸುಕು.

ಬೂದು ಬಣ್ಣದಲ್ಲಿ ಪೂರ್ತಿ ಚಿತ್ರ ಮುಗಿಸಿ, ಮೇಲೆ ಬೇರೆ ಲೇಯರಿನಲ್ಲಿ (ಚಿತ್ರದ ಮೇಲೆ ಹಾಸುವ ಪಾರದರ್ಶಕ ಹಾಳೆಯಂತಹ ಪದರ) ಬಣ್ಣವನ್ನು ಹೊದಿಸುವ ವಿಧಾನವನ್ನು ಅನೇಕರು ಕಲಿಸುತ್ತಾರೆ. ಹೊಸಬರಿಗೆ ನಾನು ಅದನ್ನು ಸೂಚಿಸುವುದಿಲ್ಲ, ಏಕೆಂದರೆ ಬೂದಿನ ಮೇಲೆ ಒಂದೇ ಬಣ್ಣ ಹೊದಿಸಿದಾಗ ನೆರಳಿನಲ್ಲಿ ಬಣ್ಣ ಕೆಂಪಿನ ಕಡೆಗೆ ಸರಿಯುವುದೇ ಇಲ್ಲ. ನೆರಳಿನ ನಕ್ಷೆಯನ್ನು ಮಾರ್ಗದರ್ಶಿಯಾಗಿ ಇಟ್ಟುಕೊಂಡು, ಅದರ ಮೇಲಿನ ಹೊಸ ಲೇಯರಿನಲ್ಲಿ ನೇರವಾಗಿ ದಪ್ಪ ಬಣ್ಣದಿಂದ ಬರೆಯಿರಿ. ಬೆಳಕು-ನೆರಳಿನ ಲೆಕ್ಕ ತಪ್ಪಿತೇ ಎಂದು ಅನುಮಾನ ಬಂದರೆ, ಎಲ್ಲಕ್ಕಿಂತ ಮೇಲೆ ಒಂದು ಲೇಯರನ್ನು ಕಪ್ಪಿನಿಂದ ತುಂಬಿ ಅದರ ಬೆರಕೆಯ ವಿಧವನ್ನು (ಬ್ಲೆಂಡಿಂಗ್ ಮೋಡ್) 'ಕಲರ್' ಎಂದು ಬದಲಿಸಿ. ಚಿತ್ರ ತಾತ್ಕಾಲಿಕವಾಗಿ ಕಪ್ಪು-ಬಿಳುಪಾಗಿ ಕಾಣುತ್ತದೆ. ಹೋಲಿಸಿ ನೋಡಿ, ಆ ಲೇಯರನ್ನು ಮರೆಮಾಡಿ ಮುಂದುವರಿಯಬಹುದು.

ಅಂಚು, ಕಣ್ಣು, ಮೂಗು, ಬಾಯಿ

ಈ ಹಂತದವರೆಗೆ ಚಿತ್ರ ಚಪ್ಪಡಿ ಕಲ್ಲುಗಳನ್ನು ಜೋಡಿಸಿದಂತೆ ಇರುತ್ತದೆ. ಅದನ್ನು ನೋಡಿ ಗಾಬರಿಯಾಗಿ ಏರ್‌ಬ್ರಷ್ ತೆಗೆದು ಎಲ್ಲವನ್ನೂ ಸವರಿಬಿಟ್ಟರೆ ಮುಖ ಬಲೂನಿನಂತಾಗುತ್ತದೆ. ಎಲ್ಲಿ ಮೂಳೆ ಚರ್ಮಕ್ಕೆ ಹತ್ತಿರವಿದೆಯೋ, ಎಲ್ಲಿ ಒಂದು ಭಾಗದ ನೆರಳು ಇನ್ನೊಂದರ ಮೇಲೆ ಬೀಳುತ್ತದೆಯೋ ಅಲ್ಲಿ ಅಂಚು ಗಟ್ಟಿ: ಮೂಗಿನ ನೆರಳು, ಮೇಲ್ರೆಪ್ಪೆ, ಹೊಳ್ಳೆಯ ಬಳುಕು. ಕೆನ್ನೆ ಮತ್ತು ಹಣೆ ನಿಧಾನವಾಗಿ ತಿರುಗುವುದರಿಂದ ಅಲ್ಲಿ ಅಂಚು ಮೃದು. ನೆರಳಿನ ಬದಿಯ ಕೂದಲು ಮತ್ತು ಹಿನ್ನೆಲೆಯ ಕತ್ತಲು ಕೂಡುವಲ್ಲಿ ಅಂಚೇ ಇಲ್ಲದಿದ್ದರೂ ನಡೆಯುತ್ತದೆ. ಎರಡು ಬಣ್ಣಗಳ ನಡುವಿನ ಬಣ್ಣವನ್ನು ಎತ್ತಿಕೊಂಡು (ಕ್ರಿಟಾದಲ್ಲಿ ಕಂಟ್ರೋಲ್ ಕೀ ಒತ್ತಿ ಮುಟ್ಟಿದರೆ ಅದು ಸಿಗುತ್ತದೆ) ಗಡಿಯ ಮೇಲೆ ಒಂದು ಗೀಟು ಹಾಕುವುದೇ ಬೆರೆಸುವ ಉತ್ತಮ ದಾರಿ. ಪೆನ್ನನ್ನು ಹಗುರವಾಗಿ ಒತ್ತಿ, ಕೆನ್ನೆಯ ಉಬ್ಬನ್ನು ಅನುಸರಿಸಿ ಗೀಟುಗಳನ್ನು ಎಳೆಯಿರಿ.

ಈಗ ಕಣ್ಣು. ಅದು ಗುಳಿಯೊಳಗೆ ಕುಳಿತ ಗೋಲಿ, ರೆಪ್ಪೆ ಅದರ ಮೇಲೆ ಹೊದಿಸಿದ ದಪ್ಪ ಬಟ್ಟೆ ಎಂದು ಕಲ್ಪಿಸಿಕೊಳ್ಳಿ. ಬಟ್ಟೆಗೆ ದಪ್ಪವಿರುವುದರಿಂದ ಅದರ ನೆರಳು ಗೋಲಿಯ ಮೇಲ್ಭಾಗದಲ್ಲಿ ಬೀಳುತ್ತದೆ. ಈ ಸಣ್ಣ ನೆರಳನ್ನು ಬಿಟ್ಟರೆ ಕಣ್ಣು ಹೆದರಿ ಅಗಲವಾದಂತೆ ಕಾಣುತ್ತದೆ. ಕಣ್ಣಿನ ಬಿಳಿ ಎಂದು ನಾವು ಕರೆಯುವ ಭಾಗ ನಿಜವಾಗಿ ಬಿಳಿಯಲ್ಲ: ನೆರಳಿನ ಬದಿಯ ಕಣ್ಣಿನಲ್ಲಿ ಅದು ಪಕ್ಕದ ಕೆನ್ನೆಯ ಬೆಳಕಿನ ಭಾಗಕ್ಕಿಂತಲೂ ಗಾಢವಾದ ಬೂದುಗಂದಾಗಿರಬಹುದು. ಪಾಪೆಯ ಸುತ್ತಲಿನ ವೃತ್ತದ ಮೇಲಂಚನ್ನು ರೆಪ್ಪೆ ಮುಚ್ಚಿರುತ್ತದೆ. ಹೊಳಪಿನ ಚುಕ್ಕೆ ಒಂದೇ, ಅದೂ ಕಿಟಕಿಯ ಕಡೆಗೆ. ಅದರ ಎದುರು ಬದಿಯಲ್ಲಿ ವೃತ್ತದ ಬಣ್ಣ ಒಂದಿಷ್ಟು ತಿಳಿ. ರೆಪ್ಪೆಗೂದಲು ಬೇಕೆನಿಸಿದರೆ ಒಂದು ಗಾಢ ಗೀಟು ಸಾಕು.

ಮೂಗಿಗೆ ಹೊರರೇಖೆ ಹಾಕಬೇಡಿ. ಬೆನ್ನು, ಎರಡು ಪಕ್ಕ, ತಳ, ಹೀಗೆ ನಾಲ್ಕು ಮುಖಗಳಿರುವ ಪೆಟ್ಟಿಗೆಯಂತೆ ಅದನ್ನು ನೋಡಿದರೆ ಬಣ್ಣಗಳೇ ಅದನ್ನು ನಿಲ್ಲಿಸುತ್ತವೆ. ಹೊಳ್ಳೆಯ ಒಳಗೆ ಕಪ್ಪು ಬಳಿಯದೆ ಗಾಢವಾದ ಕೆಂಪುಗಂದು ಬಳಿಯಿರಿ. ಬಾಯಿಯ ವಿಷಯದಲ್ಲಿ ನೆನಪಿಡಬೇಕಾದದ್ದು ಇಷ್ಟು: ಬೆಳಕು ಸ್ವಲ್ಪ ಮೇಲಿನಿಂದ ಬರುವಾಗ ಮೇಲ್ದುಟಿ ಕೆಳಮುಖವಾಗಿರುವುದರಿಂದ ಗಾಢ, ಕೆಳದುಟಿ ಮೇಲ್ಮುಖವಾಗಿರುವುದರಿಂದ ತಿಳಿ, ಅದರ ಅಡಿಯಲ್ಲಿ ಮತ್ತೆ ನೆರಳು. ಎರಡು ತುಟಿಗಳ ನಡುವಿನ ಗೆರೆಯನ್ನು ಉದ್ದಕ್ಕೂ ಒಂದೇ ದಪ್ಪದಲ್ಲಿ ಎಳೆದರೆ ಬಾಯಿ ಬಿಗಿದಂತಾಗುತ್ತದೆ. ಕೂದಲನ್ನು ಮೊದಲು ಒಂದು ಮುದ್ದೆಯಾಗಿ ಬರೆದು, ಕಿವಿಯ ಮೇಲಿನ ನರೆಯನ್ನೂ ತಿಳಿ ಬೂದಿನ ಮುದ್ದೆಯಾಗಿಯೇ ಸೇರಿಸಿ, ಬಿಡಿ ಎಳೆಗಳನ್ನು ಐದೋ ಆರೋ ಕೊನೆಯಲ್ಲಿ ಎಳೆಯಿರಿ. ಮೂಗುಬೊಟ್ಟು ನೆರಳಿನ ಬದಿಯಲ್ಲಿದ್ದರೂ ಅದರ ಒಂದು ಮುಖ ಎಲ್ಲಿಂದಲೋ ಬೆಳಕನ್ನು ಹಿಡಿದಿರುತ್ತದೆ. ಅದಕ್ಕೆ ಗಾಢವಾದ ಒಂದು ಚುಕ್ಕೆ, ಅದರೊಳಗೆ ಪೆನ್ನಿನ ತುದಿಯಷ್ಟು ತಿಳಿಬಣ್ಣ, ಹೊಳ್ಳೆಯ ಮೇಲೆ ಅದರದೇ ಸಣ್ಣ ನೆರಳು, ಇಷ್ಟೇ ಬೇಕಾದದ್ದು.

ತಿದ್ದುವುದು, ಅಭ್ಯಾಸ, ಉಳಿಸುವುದು

ಪ್ರತಿ ಹತ್ತು ನಿಮಿಷಕ್ಕೊಮ್ಮೆ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿಸಿ ನೋಡಿ. ಒಂದೇ ಚಿತ್ರವನ್ನು ಗಂಟೆಗಟ್ಟಲೆ ನೋಡಿದ ಕಣ್ಣು ಅದರ ತಪ್ಪಿಗೆ ಒಗ್ಗಿಹೋಗಿರುತ್ತದೆ. ತಿರುಗಿಸಿದ ಕ್ಷಣ ಇಳಿದ ಕಣ್ಣು, ವಾಲಿದ ದವಡೆ ಎಲ್ಲವೂ ಹೊಸದಾಗಿ ಕಾಣುತ್ತವೆ. ಕ್ರಿಟಾದಲ್ಲಿ ಎಂ ಅಕ್ಷರದ ಕೀ ಒತ್ತಿದರೆ ಸಾಕು.

ಮೊದಲ ತಿಂಗಳು ಪೂರ್ಣಗೊಂಡ ಚಿತ್ರ ಒಂದೋ ಎರಡೋ ಆದರೆ ಸಾಕು, ಆದರೆ ಎರಡು ಬೂದುಗಳ ನೆರಳಿನ ನಕ್ಷೆಗಳನ್ನು ದಿನಕ್ಕೊಂದರಂತೆ ಬರೆಯಬೇಕು. ಕರೆಂಟು ಹೋದಾಗ ಮೇಣದ ಬತ್ತಿಯ ಮುಂದೆ ಕುಳಿತ ಮನೆಯವರ ಮುಖಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ. ಜನವರಿಯಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ನಡೆಯುವ ಚಿತ್ರಸಂತೆಗೆ ಹೋದರೆ ಎದುರು ಕುಳಿತವರ ಮುಖವನ್ನು ಸ್ಥಳದಲ್ಲಿಯೇ ಬರೆದುಕೊಡುವ ಕಲಾವಿದರು ಕಾಣಸಿಗುತ್ತಾರೆ. ಅವರ ಹಿಂದೆ ನಿಂತು, ಕೈ ಮೊದಲು ಎಲ್ಲಿಗೆ ಹೋಗುತ್ತದೆ ಎಂಬುದನ್ನು ನೋಡಿ.

ಚಿತ್ರ ಮುಗಿದ ಮೇಲೆ ಲೇಯರುಗಳೆಲ್ಲ ಇರುವ ಮೂಲ ಫೈಲನ್ನು ತಂತ್ರಾಂಶದ ಸ್ವಂತ ರೂಪದಲ್ಲಿ ಉಳಿಸಿ, ಇತರರಿಗೆ ಕಳುಹಿಸಲು ಪಿಎನ್‌ಜಿ ಪ್ರತಿಯನ್ನು ಬೇರೆಯಾಗಿ ತೆಗೆಯಿರಿ. ತೆಗೆಯುವ ಮೊದಲು ಚಿತ್ರ ತನ್ನ ಸರಿಯಾದ ದಿಕ್ಕಿನಲ್ಲಿದೆಯೇ ಎಂದು ಫೋಟೋದೊಂದಿಗೆ ಹೋಲಿಸಿ ನೋಡಬೇಕು. ಎಂ ಕೀ ತಿರುಗಿಸುವುದು ನೋಟವನ್ನು ಮಾತ್ರ. ಆದರೆ ಚಿತ್ರವನ್ನೇ ತಿರುಗಿಸುವ ಬೇರೆ ಆಜ್ಞೆಯೂ 'ಇಮೇಜ್' ಪಟ್ಟಿಯಲ್ಲಿರುತ್ತದೆ, ನಾನು ಬಳಸಿದ್ದು ಅದನ್ನು. ಎರಡನೆಯ ಸಲ ಬರೆದ ದೊಡ್ಡಮ್ಮನ ಚಿತ್ರವನ್ನು ಮುದ್ರಿಸಿ, ಚೌಕಟ್ಟು ಹಾಕಿಸಿ ಅವರ ಕೈಗೆ ಕೊಟ್ಟೆ. ಬೈತಲೆ ನಟ್ಟನಡುವೆ ಇದ್ದುದರಿಂದ ಮನೆಯಲ್ಲಿ ಬೇರೆ ಯಾರಿಗೂ ಏನೂ ಗೊತ್ತಾಗಿರಲಿಲ್ಲ. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, ಬೆರಳಿನಿಂದ ತಮ್ಮ ಬಲಮೂಗನ್ನು ಮುಟ್ಟಿಕೊಂಡು, "ಮುಖ ನಂದೇ ಕಣೋ, ಆದರೆ ಮೂಗುಬೊಟ್ಟು ಈ ಕಡೆ ಅಲ್ವಾ ಇರೋದು?" ಎಂದರು. ಫೈಲನ್ನು ತಿರುಗಿಸಿ ಅದೇ ವಾರ ಮತ್ತೊಮ್ಮೆ ಮುದ್ರಿಸಿ ತಂದೆ. ಈಗ ಅವರ ಕೋಣೆಯ ಗೋಡೆಯ ಮೇಲಿರುವುದು ಆ ಪ್ರತಿ.